ಉಚಿತ ಚಿಕಿತ್ಸಾಲಯದ ಗಣಕದಲ್ಲಿ ರೋಗಿಯ ದಾಖಲೆ: ಅಳವಡಿಕೆಯ ಸರಳ ಮಾರ್ಗ

ತಿಂಗಳಿಗೊಮ್ಮೆ ನಡೆಯುವ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಕಾಮಾಕ್ಷಿಪಾಳ್ಯದಿಂದಲೋ ಮೂಡಲಪಾಳ್ಯದಿಂದಲೋ ಬರುವ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಸಿ ಮಡಿಸಿ ಹರಿದುಹೋದ ಔಷಧ ಚೀಟಿಗಳು, ಬಣ್ಣ ಮಾಸಿದ ರಕ್ತಪರೀಕ್ಷೆಯ ವರದಿ. ವೈದ್ಯರು, “ಕಳೆದ ಬಾರಿ ಯಾವ ಮಾತ್ರೆ ಕೊಟ್ಟಿದ್ದರು?” ಎಂದು ಕೇಳುತ್ತಾರೆ. “ಬಿಳಿಯದು, ಚಿಕ್ಕದು” ಎಂಬ ಉತ್ತರ ಬರುತ್ತದೆ. ಇದು ನಗುವ ವಿಷಯವಲ್ಲ. ಚಿಕ್ಕ ಬಿಳಿಯ ಮಾತ್ರೆಗಳು ನೂರಾರು ಬಗೆಯವು. ಅವುಗಳಲ್ಲಿ ಒಂದು ರಕ್ತದೊತ್ತಡಕ್ಕಾದರೆ ಇನ್ನೊಂದು ಸಕ್ಕರೆ ಕಾಯಿಲೆಗೆ, ಮತ್ತೊಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವುದಕ್ಕೆ.

ರಕ್ತದೊತ್ತಡ ಮತ್ತು ಮಧುಮೇಹಗಳನ್ನು ಒಂದೇ ದಿನದ ಅಂಕಿಯಿಂದ ಅಳೆಯಲಾಗದು. ಇಂದು 150/90 ಇದ್ದ ಒತ್ತಡ ಮೆಟ್ಟಿಲು ಹತ್ತಿ ಬಂದ ಆಯಾಸದಿಂದಲೂ ಇರಬಹುದು. ಆರು ತಿಂಗಳಿನಿಂದ ಹಾಗೆಯೇ ಇದ್ದರೆ ಅದರ ಅರ್ಥವೇ ಬೇರೆ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಬೆಲೆ ತಿಳಿಯುವುದು ಅದನ್ನು ಹಿಂದಿನ ಅಂಕಿಯ ಪಕ್ಕದಲ್ಲಿಟ್ಟಾಗ. ಮಧುಮೇಹಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮೂತ್ರಪಿಂಡದ ಶಕ್ತಿ ಬಹಳ ಕುಂದಿದವರಿಗೆ ಕೊಡಬಾರದು; ಆ ಕುಂದುವಿಕೆ ಕಾಣುವುದು ವರ್ಷಗಳ ವರದಿಗಳನ್ನು ಸಾಲಾಗಿ ನೋಡಿದಾಗ. ಪೆನಿಸಿಲಿನ್ ಒಗ್ಗದವರಿಗೆ ಅದನ್ನು ಮತ್ತೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಆದುದರಿಂದ ದಾಖಲೆಯನ್ನು ಕಾಪಾಡುವುದು ಗುಮಾಸ್ತಿಕೆಯ ಕೆಲಸವೆಂದು ತಿಳಿಯಬಾರದು. ಅದು ಚಿಕಿತ್ಸೆಯ ಒಂದು ಅಂಗ. ರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಡಬೇಕು, ಕೇಳಿದಾಗ 72 ಗಂಟೆಗಳೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿಯೂ ಹೇಳಿತ್ತು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಭಕ್ತರ ಮನೆಗಳಲ್ಲಿ ಗಣಕ ವಿದ್ಯೆ ಬಲ್ಲ ಮಕ್ಕಳಿದ್ದಾರೆ. “ನಮ್ಮ ಚಿಕಿತ್ಸಾಲಯಕ್ಕೆ ಒಂದು ತಂತ್ರಾಂಶ ಹಾಕಿಕೊಡಬಾರದೇ?” ಎಂದು ಹಿರಿಯರು ಅವರನ್ನು ಕೇಳುವುದು ಸಹಜ. ಖರ್ಚಿಲ್ಲದೆ ದೊರೆಯುವ ಉತ್ತಮ ತಂತ್ರಾಂಶಗಳಿವೆ. ಆದರೂ ಎಷ್ಟೋ ಪ್ರಯತ್ನಗಳು ಅಳವಡಿಕೆಯ ಹಂತದಲ್ಲೇ, ಅದರಲ್ಲೂ ದತ್ತಸಂಚಯ ಅಥವಾ ಡೇಟಾಬೇಸ್ ಸಿದ್ಧಪಡಿಸುವಲ್ಲಿ, ನಿಂತುಹೋಗುತ್ತವೆ. ಈ ಹಂತವನ್ನು ಸರಳಗೊಳಿಸಿಕೊಳ್ಳುವ ಬಗೆಯನ್ನೂ, ಸರಳಗೊಳಿಸುವ ಉತ್ಸಾಹದಲ್ಲಿ ಬಿಟ್ಟುಬಿಡಬಾರದ ಮೂರು ಎಚ್ಚರಿಕೆಗಳನ್ನೂ ಇಲ್ಲಿ ವಿವರಿಸಲಾಗಿದೆ.

ಮುಕ್ತ ತಂತ್ರಾಂಶ ಎಂದರೇನು?

ತಂತ್ರಾಂಶದ ಮೂಲ ಬರಹವನ್ನು ಯಾರಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು ಎಂಬ ಪರವಾನಗಿಯೊಡನೆ ಬರುವುದು ಮುಕ್ತ ತಂತ್ರಾಂಶ. ಗಣಕವನ್ನು ನಡೆಸುವ ಲಿನಕ್ಸ್ ಅಂಥದ್ದೇ. ಆರೋಗ್ಯ ಕ್ಷೇತ್ರದಲ್ಲಿಯೂ ಇದಕ್ಕೆ ಎರಡು ದಶಕಗಳ ಇತಿಹಾಸವಿದೆ. ಓಪನ್‌ಇಎಂಆರ್ ಎಂಬುದು ಹೊರರೋಗಿ ಚಿಕಿತ್ಸಾಲಯಗಳಿಗೆ ಹೊಂದುವಂಥದ್ದು. 2004ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ರೂಪುಗೊಳ್ಳತೊಡಗಿದ ಓಪನ್‌ಎಂಆರ್‌ಎಸ್, 2006ರಲ್ಲಿ ಕೀನ್ಯಾ ದೇಶದ ಎಲ್ಡೊರೆಟ್‌ನಲ್ಲಿ ಎಚ್‌ಐವಿ ರೋಗಿಗಳ ಆರೈಕೆಗಾಗಿ ಬಳಕೆಗೆ ಬಂದಿತು. ಸ್ಪೇನ್ ದೇಶದ ವೈದ್ಯ ಲೂಯಿಸ್ ಫಾಲ್ಕನ್ 2008ರಲ್ಲಿ ಆರಂಭಿಸಿದ ಯೋಜನೆ ಇಂದು ಗ್ನೂ ಹೆಲ್ತ್ ಎಂಬ ಹೆಸರಿನಲ್ಲಿದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕೇರಳದ ಸ್ವಯಂಸೇವಕ ತಂತ್ರಜ್ಞರು ರೂಪಿಸಿದ ಕೇರ್ ತಂತ್ರಾಂಶವು ಬೆಂಗಳೂರಿನ ಇ-ಗವ್ ಪ್ರತಿಷ್ಠಾನದ ಹತ್ತು ಹಾಸಿಗೆಗಳ ತೀವ್ರ ನಿಗಾ ಘಟಕ ಯೋಜನೆಯಲ್ಲಿಯೂ ಬಳಕೆಯಾಯಿತು.

ನಮ್ಮ ಪರಿಸ್ಥಿತಿಗೆ ಹೆಚ್ಚು ಪಾಠ ಹೇಳುವ ಉದಾಹರಣೆ ಬಹ್ಮನಿಯದು. ಬೀದರ, ಕಲಬುರಗಿಗಳ ಬಹಮನಿ ಸುಲ್ತಾನರಿಗೂ ಇದಕ್ಕೂ ಸಂಬಂಧವಿಲ್ಲ; ಇದು ಛತ್ತೀಸಗಢದ ಒಂದು ಹಳ್ಳಿಯಿಂದ ಬಂದ ಹೆಸರು. ಆ ರಾಜ್ಯದ ಬಿಲಾಸಪುರದ ಬಳಿ ಗನಿಯಾರಿ ಎಂಬ ಊರಿದೆ. ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸೇವಾಸಂಸ್ಥೆ ಬಡವರಿಗೂ ಆದಿವಾಸಿಗಳಿಗೂ ಅಗ್ಗದ ದರದಲ್ಲಿ ಉತ್ತಮ ಚಿಕಿತ್ಸೆ ನೀಡುವ ಆಸ್ಪತ್ರೆಯನ್ನು ನಡೆಸುತ್ತಿದೆ. ದೂರದೂರದ ಹಳ್ಳಿಗಳಿಂದ ಬರುವ ರೋಗಿಗಳ ದಾಖಲೆಯನ್ನು ಇಡುವ ಅಗತ್ಯದಿಂದ ಆ ಸಂಸ್ಥೆಯೂ, ಬೆಂಗಳೂರಿನಲ್ಲಿಯೂ ಕಚೇರಿಯುಳ್ಳ ಥಾಟ್‌ವರ್ಕ್ಸ್ ಕಂಪನಿಯ ತಂತ್ರಜ್ಞರೂ ಕೂಡಿ 2010ರ ದಶಕದ ಆರಂಭದಲ್ಲಿ ಬಹ್ಮನಿಯನ್ನು ರೂಪಿಸಿದರು. ಮುಂದೆ ಅದು ನೇಪಾಳದ ಅಛಾಮ್ ಜಿಲ್ಲೆಯ ಬಯಲಪಾಟಾ ಆಸ್ಪತ್ರೆಯಂತಹ ಗುಡ್ಡಗಾಡಿನ ಆಸ್ಪತ್ರೆಗಳಿಗೂ ತಲುಪಿತು.

ಬಹ್ಮನಿಯ ರಚನೆಯಲ್ಲಿ ಒಂದು ವಿಶೇಷವಿದೆ. ಅದನ್ನು ಹೊಸದಾಗಿ ಬುಡದಿಂದ ಕಟ್ಟಲಿಲ್ಲ. ಆಗಲೇ ಇದ್ದ ಮುಕ್ತ ತಂತ್ರಾಂಶಗಳನ್ನು ಜೋಡಿಸಲಾಯಿತು. ರೋಗಿಯ ದಾಖಲೆಗೆ ಓಪನ್‌ಎಂಆರ್‌ಎಸ್, ಪ್ರಯೋಗಾಲಯಕ್ಕೆ ಓಪನ್‌ಎಲಿಸ್, ಔಷಧ ದಾಸ್ತಾನು ಮತ್ತು ಲೆಕ್ಕಕ್ಕೆ ಓಡೂ. ಮೊದಲನೆಯದು ಮೈಎಸ್‌ಕ್ಯುಎಲ್ ಎಂಬ ದತ್ತಸಂಚಯವನ್ನು ಬಳಸಿದರೆ ಉಳಿದೆರಡು ಪೋಸ್ಟ್‌ಗ್ರೆಸ್ ಎಂಬುದನ್ನು ಬಳಸುತ್ತವೆ. ಒಂದೇ ಆಸ್ಪತ್ರೆಗೆ ಹಲವು ಉಗ್ರಾಣಗಳಿದ್ದಂತಾಯಿತು. ಇಂಥದ್ದನ್ನು ಕೈಯಿಂದಲೇ ಒಂದೊಂದಾಗಿ ಜೋಡಿಸುವುದು ಸಣ್ಣ ಆಸ್ಪತ್ರೆಗೆ ಆಗದ ಕೆಲಸ. ಆದ್ದರಿಂದ ಅದರ ರೂವಾರಿಗಳು ಎಲ್ಲವನ್ನೂ ಒಂದೇ ಆದೇಶದಿಂದ ಹಾಕುವ ಅಳವಡಿಕೆ ಸಾಧನವನ್ನು ಸಿದ್ಧಪಡಿಸಿದರು. ಆದರೆ ಆ ಸಾಧನ ಸೆಂಟ್‌ಓಎಸ್ ಎಂಬ ಒಂದು ಲಿನಕ್ಸ್ ಬಗೆಯನ್ನೇ ಆಶ್ರಯಿಸಿತ್ತು. ಸೆಂಟ್‌ಓಎಸ್ 6ರ ಬೆಂಬಲ 2020ರ ನವೆಂಬರ್‌ನಲ್ಲಿಯೂ, 7ರ ಬೆಂಬಲ 2024ರ ಜೂನ್‌ನಲ್ಲಿಯೂ ಕೊನೆಗೊಂಡವು. ಈಗ ಬಹ್ಮನಿ ಡಾಕರ್ ಎಂಬ ವಿಧಾನಕ್ಕೆ ಬಂದಿದೆ. ಅದರ ವಿವರ ಮುಂದೆ ಬರಲಿದೆ.

ದಾಸೋಹ ಮನೆಯ ಹೋಲಿಕೆ

ಅಳವಡಿಕೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಮಠದ ದಾಸೋಹ ಮನೆಯನ್ನು ನೆನೆದು ತಿಳಿಯಬಹುದು. ದಾಸೋಹಕ್ಕೆ ಮೊದಲು ಕಟ್ಟಡ ಬೇಕು, ಅದು ಲಿನಕ್ಸ್. ಬಂದವರಿಗೆ ಬಡಿಸುವ ಪಂಕ್ತಿ ಬೇಕು. ಅದು ವೆಬ್ ಸರ್ವರ್. ಅಡುಗೆಯವರು ಬೇಕು, ಅದು ಆರೋಗ್ಯ ತಂತ್ರಾಂಶ. ಅಕ್ಕಿ ಬೇಳೆ ಇಡುವ ಉಗ್ರಾಣ ಬೇಕು, ಅದೇ ದತ್ತಸಂಚಯ. ಉಗ್ರಾಣಕ್ಕೆ ಬೀಗ, ಬೀಗದ ಕೈ ಹಿಡಿದ ಒಬ್ಬ ಉಗ್ರಾಣಿಕ. ಅವನು ದತ್ತಸಂಚಯದ ಬಳಕೆದಾರ. ಅಡುಗೆಯವರು ಉಗ್ರಾಣಕ್ಕೆ ಹೋದಾಗ ಬೀಗ ತೆರೆಯದಿದ್ದರೆ ಅಡುಗೆಯೇ ಇಲ್ಲ. ಅಳವಡಿಕೆ ನಿಂತುಹೋಗುವುದು ಹೆಚ್ಚಾಗಿ ಈ ಬಾಗಿಲಿನಲ್ಲಿಯೇ.

ಬಾಗಿಲು ತೆರೆಯದಿರಲು ಕಾರಣಗಳು ಕೆಲವೇ. ಉಗ್ರಾಣವೇ ತೆರೆದಿಲ್ಲ, ಅಂದರೆ ದತ್ತಸಂಚಯದ ಸೇವೆ ಆರಂಭವಾಗಿಲ್ಲ ಎಂಬುದು ಒಂದು. ದತ್ತಸಂಚಯದಲ್ಲಿ ಇಟ್ಟ ಗುಪ್ತಪದ ಒಂದು, ತಂತ್ರಾಂಶದ ಕಡತದಲ್ಲಿ ಬರೆದದ್ದು ಇನ್ನೊಂದು ಎಂಬುದು ಎರಡನೆಯದು. ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಆ ದತ್ತಸಂಚಯದ ಮೇಲಿನ ಅಧಿಕಾರ ಕೊಡಲು ಮರೆಯುವುದು ಮೂರನೆಯದು. ತಂತ್ರಾಂಶ ಬಯಸುವ ಆವೃತ್ತಿ ಬೇರೆ, ಗಣಕದಲ್ಲಿರುವ ಆವೃತ್ತಿ ಬೇರೆ ಆಗಿರುವುದು ನಾಲ್ಕನೆಯದು.

ಐದನೆಯದು ಬಲ್ಲವರನ್ನೂ ಗಲಿಬಿಲಿಗೊಳಿಸುವಂಥದ್ದು. ಉಬುಂಟು, ಡೆಬಿಯನ್ ಬಗೆಯ ಲಿನಕ್ಸ್‌ಗಳಲ್ಲಿ ಮರಿಯಾಡಿಬಿ ಹಾಕಿದಾಗ ಅದರ ಮುಖ್ಯ ಅಧಿಕಾರಿಯಾದ ರೂಟ್‌ಗೆ ಗುಪ್ತಪದವಿರುವುದಿಲ್ಲ. ಗಣಕದ ಮುಖ್ಯ ಬಳಕೆದಾರನೇ ಬಂದಿದ್ದಾನೆಂದು ಲಿನಕ್ಸ್ ಖಚಿತಪಡಿಸಿದರೆ ಮಾತ್ರ ಒಳಗೆ ಬಿಡುತ್ತದೆ. ಓಪನ್‌ಇಎಂಆರ್‌ನ ಅಳವಡಿಕೆ ಪುಟವಾದರೋ ರೂಟ್‌ನ ಗುಪ್ತಪದವನ್ನು ಕೇಳುತ್ತದೆ. ಇಲ್ಲದ ಗುಪ್ತಪದವನ್ನು ಕೊಡುವುದೆಲ್ಲಿಂದ? ಕೆಲವರು ಇಲ್ಲಿ ರೂಟ್‌ನ ಕಾವಲನ್ನೇ ಸಡಿಲಿಸುತ್ತಾರೆ. ಅದು ಸರಿಯಲ್ಲ. ಮೊದಲೇ ಲಿನಕ್ಸ್‌ನ ಮುಖ್ಯ ಬಳಕೆದಾರರಾಗಿ ಒಳಹೊಕ್ಕು ಒಂದು ಖಾಲಿ ದತ್ತಸಂಚಯವನ್ನೂ, ಅದಕ್ಕಷ್ಟೇ ಅಧಿಕಾರವಿರುವ ಒಬ್ಬ ಬಳಕೆದಾರನನ್ನೂ ಸೃಷ್ಟಿಸಿ, ಅಳವಡಿಕೆ ಪುಟದಲ್ಲಿ “ದತ್ತಸಂಚಯ ಈಗಾಗಲೇ ಸಿದ್ಧವಿದೆ” ಎಂಬ ಆಯ್ಕೆಯನ್ನು ಒತ್ತಿದರೆ ಕೆಲಸ ಮುಗಿಯಿತು.

ಪೋಸ್ಟ್‌ಗ್ರೆಸ್‌ನಲ್ಲಿ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ಅದೇ ಗಣಕದಿಂದ ಬಂದವನ ಲಿನಕ್ಸ್ ಹೆಸರೂ ದತ್ತಸಂಚಯದ ಬಳಕೆದಾರನ ಹೆಸರೂ ಒಂದೇ ಆಗಿರಬೇಕು ಎಂಬುದು ಅದರ ಸಾಮಾನ್ಯ ನಿಯಮ. ಗ್ನೂ ಹೆಲ್ತ್‌ನ ಕೈಪಿಡಿಯು ಲಿನಕ್ಸ್‌ನಲ್ಲೂ ಪೋಸ್ಟ್‌ಗ್ರೆಸ್‌ನಲ್ಲೂ ಒಂದೇ ಹೆಸರಿನ ಬಳಕೆದಾರನನ್ನು ಸೃಷ್ಟಿಸಲು ಹೇಳುವುದು ಇದಕ್ಕಾಗಿಯೇ. ಕಾರಣ ತಿಳಿಯದವರು ಈ ಹೆಜ್ಜೆಯನ್ನು ದಾಟಿಹೋಗಿ, ಮುಂದೆ ಗಂಟೆಗಟ್ಟಲೆ ತಡಕಾಡುತ್ತಾರೆ.

ಸರಳವಾದ ದಾರಿಗಳು

ಮೊದಲನೆಯ ದಾರಿ, ತಂತ್ರಾಂಶವೇ ಒದಗಿಸುವ ಮಾರ್ಗದರ್ಶಿ ಪುಟಗಳನ್ನು ಬಳಸುವುದು. ಓಪನ್‌ಎಂಆರ್‌ಎಸ್‌ನಲ್ಲಿ ಸರಳ ಅಳವಡಿಕೆ ಎಂಬ ಆಯ್ಕೆ ಇದೆ. ದತ್ತಸಂಚಯವನ್ನೂ ಅದರ ಬಳಕೆದಾರನನ್ನೂ ಅದೇ ನಿರ್ಮಿಸಿಕೊಳ್ಳುತ್ತದೆ. ಓಪನ್‌ಇಎಂಆರ್ ಕೂಡ ಕೋಷ್ಟಕಗಳನ್ನೆಲ್ಲ ತಾನೇ ಹಾಕುತ್ತದೆ. ಕೋಷ್ಟಕವೊಂದನ್ನೂ ನಾವು ಕೈಯಾರೆ ಬರೆಯಬೇಕಾಗಿಲ್ಲ.

ಎರಡನೆಯ ದಾರಿ ಡಾಕರ್. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸರಿಯಾದ ಆವೃತ್ತಿಯ ಎಲ್ಲ ಸಾಮಗ್ರಿಯನ್ನೂ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದಂತೆ ಇದು. ತಂತ್ರಾಂಶಕ್ಕೊಂದು ಪೆಟ್ಟಿಗೆ, ದತ್ತಸಂಚಯಕ್ಕೊಂದು ಪೆಟ್ಟಿಗೆ. ಎರಡನ್ನೂ ಕೂಡಿಸುವ ಬಗೆಯನ್ನು ತಿಳಿಸುವ ಒಂದು ಪುಟ್ಟ ಕಡತ. ಆ ಕಡತದಲ್ಲಿ ಗುಪ್ತಪದಗಳನ್ನು ಬದಲಿಸಿ ಒಂದೇ ಆದೇಶ ಕೊಟ್ಟರೆ ಎಲ್ಲವೂ ಎದ್ದು ನಿಲ್ಲುತ್ತದೆ. ಆವೃತ್ತಿಗಳ ಜಗಳ ಬಹುಮಟ್ಟಿಗೆ ಇಲ್ಲವಾಗುತ್ತದೆ. ಓಪನ್‌ಇಎಂಆರ್, ಬಹ್ಮನಿ ಎರಡಕ್ಕೂ ಈ ಅನುಕೂಲವಿದೆ.

ಆದರೆ ಡಾಕರ್ ಬಳಸುವವರು ಒಂದು ಮಾತನ್ನು ಮರೆಯಬಾರದು. ಪೆಟ್ಟಿಗೆಯನ್ನು ಎಸೆದು ಹೊಸದನ್ನು ತರಬಹುದು. ಒಳಗಿನ ಧಾನ್ಯವನ್ನು ಎಸೆಯಲಾಗದು. ಆದ್ದರಿಂದ ದಾಖಲೆಗಳನ್ನು ಪೆಟ್ಟಿಗೆಯ ಹೊರಗೆ, ವಾಲ್ಯೂಮ್ ಎಂಬ ಪ್ರತ್ಯೇಕ ಜಾಗದಲ್ಲಿ ಇಡಲಾಗುತ್ತದೆ. ಪೆಟ್ಟಿಗೆಗಳನ್ನು ಇಳಿಸುವ ಆದೇಶದ ಕೊನೆಗೆ ‘ವಿ’ ಎಂಬ ಒಂದು ಅಕ್ಷರದ ಆಯ್ಕೆಯನ್ನು ಸೇರಿಸಿದರೆ ಆ ವಾಲ್ಯೂಮ್ ಕೂಡ ಅಳಿಸಿಹೋಗುತ್ತದೆ. ಯಾರೋ ಹೇಳಿಕೊಟ್ಟ ಆದೇಶವನ್ನು ಅರ್ಥ ತಿಳಿಯದೆ ಒತ್ತುವುದರಿಂದ ಮೂರು ವರ್ಷದ ರೋಗಿಗಳ ಇತಿಹಾಸ ಒಂದು ಕ್ಷಣದಲ್ಲಿ ಇಲ್ಲವಾಗಬಹುದು.

ಯಾವುದನ್ನು ಆರಿಸಬೇಕು? ತಿಂಗಳಿಗೊಮ್ಮೆ ಶಿಬಿರ, ವಾರಕ್ಕೆರಡು ದಿನ ಹೊರರೋಗಿ ಸೇವೆ ಇರುವಲ್ಲಿ ಓಪನ್‌ಇಎಂಆರ್ ಸಾಕು. ಒಂದು ಗಣಕದಲ್ಲಿ ಅದನ್ನು ಹಾಕಿ, ಉಳಿದ ಮೇಜುಗಳಿಂದ ಸಾಮಾನ್ಯ ಬ್ರೌಸರ್ ಮೂಲಕವೇ ತೆರೆಯಬಹುದು. ಅದರಲ್ಲಿರುವ ಅಮೆರಿಕದ ವಿಮೆಯ ಪುಟಗಳು ನಮಗೆ ಬೇಡ. ಅವುಗಳನ್ನು ಬಳಸದೆ ಬಿಡಬಹುದು. ಕುಟುಂಬದ ಹಿನ್ನೆಲೆ, ಮನೆಯ ಸ್ಥಿತಿ ಮುಂತಾದ ಸಾಮಾಜಿಕ ವಿವರಗಳನ್ನೂ ದಾಖಲಿಸಬೇಕೆನ್ನುವವರಿಗೆ ಗ್ನೂ ಹೆಲ್ತ್ ಒಳ್ಳೆಯದು. ಹಾಸಿಗೆಗಳು, ಪ್ರಯೋಗಾಲಯ, ಔಷಧಾಲಯ ಮೂರೂ ಇರುವ ಆಸ್ಪತ್ರೆಗೆ ಬಹ್ಮನಿ ತಕ್ಕದ್ದು. ಅದಕ್ಕೆ ಹೆಚ್ಚಿನ ಸ್ಮೃತಿಯುಳ್ಳ ಗಣಕ ಬೇಕು. ಲಿನಕ್ಸ್ ಆರಿಸುವಾಗ ಐದು ವರ್ಷಗಳ ಬೆಂಬಲವಿರುವ ಉಬುಂಟು ದೀರ್ಘಾವಧಿ ಆವೃತ್ತಿಯನ್ನೋ ಡೆಬಿಯನ್ನನ್ನೋ ಆರಿಸಬೇಕು. ಸೆಂಟ್‌ಓಎಸ್‌ನ ಕಥೆ ಕಲಿಸುವ ಪಾಠವೆಂದರೆ ಬೆಂಬಲ ಮುಗಿಯುವ ದಿನಾಂಕವನ್ನು ಅಳವಡಿಸುವ ದಿನವೇ ಗೋಡೆಯ ಮೇಲೆ ಬರೆದಿಡಬೇಕು ಎಂಬುದು.

ದತ್ತಸಂಚಯದ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸಬಹುದು. ಆದರೆ ಮೂರು ವಿಷಯಗಳನ್ನು ಮನುಷ್ಯರೇ ನಿರ್ಧರಿಸಬೇಕು: ಹೆಸರು, ಬೀಗ, ಪ್ರತಿ.

ಮೊದಲ ಎಚ್ಚರಿಕೆ: ಹೆಸರು ಕನ್ನಡದಲ್ಲಿ ಉಳಿಯಲಿ

ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುತ್ತದೆ. ಇಂದಿನ ಸಾರ್ವತ್ರಿಕ ಪದ್ಧತಿಯಾದ ಯುನಿಕೋಡ್‌ನಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಬೇಕು. ‘ಬಸವರಾಜ’ ಎಂಬ ಹೆಸರಿನಲ್ಲಿ ದೀರ್ಘದ ಗುರುತೂ ಸೇರಿ ಆರು ಸಂಕೇತಗಳು. ಒಟ್ಟು 18 ಬೈಟ್. ಆದರೆ ಮೈಎಸ್‌ಕ್ಯುಎಲ್ 5.7ರವರೆಗೆ ದತ್ತಸಂಚಯದ ಪೂರ್ವನಿಯೋಜಿತ ಲಿಪಿ ಲ್ಯಾಟಿನ್-1 ಆಗಿತ್ತು. ಅದರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಹಾಗೆ ಇಟ್ಟರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಒಮ್ಮೆ ಹಾಗಾದ ಹೆಸರನ್ನು ಮರಳಿ ಪಡೆಯುವ ಉಪಾಯವಿಲ್ಲ. 2018ರಲ್ಲಿ ಬಂದ 8.0 ಆವೃತ್ತಿಯಿಂದ ಯುಟಿಎಫ್8ಎಂಬಿ4 ಎಂಬುದು ಪೂರ್ವನಿಯೋಜಿತವಾಗಿದೆ. ಆದರೂ ದತ್ತಸಂಚಯ ಸೃಷ್ಟಿಸುವಾಗ ಈ ಹೆಸರನ್ನು ಸ್ಪಷ್ಟವಾಗಿ ಬರೆಯುವುದೇ ಕ್ಷೇಮ. ಪೋಸ್ಟ್‌ಗ್ರೆಸ್ ಆದರೆ ಯುಟಿಎಫ್8 ಎಂದಿರಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಹೆಸರು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದೊಳಗೆ ಇರುವುದು ಲ್ಯಾಟಿನ್ ಚಿಹ್ನೆಗಳೇ. ಹಳೆಯ ಪಟ್ಟಿಯನ್ನು ಹಾಗೆಯೇ ಹೊಸ ದತ್ತಸಂಚಯಕ್ಕೆ ಸುರಿದರೆ ಓದಲಾಗದ ಗೋಜಲು ಬರುತ್ತದೆ. ಹುಡುಕಿದರೆ ಯಾರೂ ಸಿಗುವುದಿಲ್ಲ. ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹೊಸ ಹೆಸರುಗಳನ್ನು ಯುನಿಕೋಡ್ ಕೀಲಿಮಣೆಯಲ್ಲೇ ಬರೆಯಬೇಕು.

ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಈ ತೊಂದರೆ ಇಲ್ಲವಲ್ಲ ಎನ್ನಬಹುದು. ಆಗ ಬೇರೆ ತೊಂದರೆ. ಬಸವರಾಜ, ಬಸವರಾಜು, ಬಸ್ವರಾಜ್ ಎಂದು ಒಬ್ಬರೇ ವ್ಯಕ್ತಿ ಮೂರು ತಿಂಗಳಲ್ಲಿ ಮೂವರಾಗುತ್ತಾರೆ. ಔಷಧದ ಅಲರ್ಜಿ ಮೊದಲನೆಯವರ ಪುಟದಲ್ಲಿರುತ್ತದೆ. ವೈದ್ಯರು ತೆರೆಯುವುದು ಮೂರನೆಯವರ ಪುಟ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ನೋಂದಣಿ ಸಂಖ್ಯೆ ಕೊಟ್ಟು, ಅದನ್ನು ಗಟ್ಟಿಯಾದ ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಬೇಕು. ಇಚ್ಛಿಸಿದವರು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಗಳ ಆಭಾ ಸಂಖ್ಯೆಯನ್ನೂ ಬರೆಸಬಹುದು. ಅದಿಲ್ಲವೆಂದು ಯಾರಿಗೂ ಸೇವೆ ನಿಲ್ಲಬಾರದು.

ಎರಡನೆಯ ಎಚ್ಚರಿಕೆ: ಬೀಗದ ಕೈ ಯಾರ ಬಳಿ?

ಶಿಬಿರಕ್ಕೆ ಬರುವವರು ವೈದ್ಯರ ಮುಂದೆ ಹೇಳಿಕೊಳ್ಳುವುದು ತಮ್ಮ ಮನೆಯವರಿಗೂ ಹೇಳದ ಮಾತು. ಮನೋವ್ಯಾಧಿ, ಮದ್ಯವ್ಯಸನ, ಗರ್ಭಪಾತ, ಎಚ್‌ಐವಿ ಇಂಥವು ಒಂದೇ ಬಡಾವಣೆಯಲ್ಲಿ ಬಾಳುವವರ ನಡುವೆ ಬಯಲಾದರೆ ಮದುವೆಗಳು ಮುರಿಯುತ್ತವೆ, ಬಾಡಿಗೆ ಮನೆಗಳು ಕೈತಪ್ಪುತ್ತವೆ. ನೋಂದಣಿ ಮೇಜಿನಲ್ಲಿ ಕುಳಿತ ಸ್ವಯಂಸೇವಕರು ಅದೇ ಬೀದಿಯವರಾಗಿರುವ ಸಂಭವ ಹೆಚ್ಚು. ಆದುದರಿಂದ ಎಲ್ಲರೂ ಒಂದೇ ಗುಪ್ತಪದ ಬಳಸುವ ರೂಢಿಯನ್ನು ಬಿಡಬೇಕು. ನೋಂದಣಿಯವರಿಗೆ ಹೆಸರು, ವಯಸ್ಸು, ವಿಳಾಸ ಮಾತ್ರ ಕಾಣಲಿ. ರೋಗದ ವಿವರ ವೈದ್ಯರಿಗೆ. ಔಷಧ ಕೊಡುವವರಿಗೆ ಚೀಟಿಯ ಪುಟ. ಇಂಥ ವಿಂಗಡಣೆ ಮೇಲೆ ಹೇಳಿದ ತಂತ್ರಾಂಶಗಳಲ್ಲಿ ಸಾಧ್ಯವಿದೆ. ಯಾರು ಯಾವ ಪುಟ ತೆರೆದರೆಂಬ ಜಾಡನ್ನೂ ಇಡುವಂತೆ ಮಾಡಬಹುದು.

ಅಳವಡಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಆಡಳಿತಗಾರನ ಪೂರ್ವನಿಯೋಜಿತ ಗುಪ್ತಪದವನ್ನು ಬದಲಿಸುವುದು. ಅದು ಕೈಪಿಡಿಯಲ್ಲಿಯೇ ಅಚ್ಚಾಗಿರುತ್ತದೆ, ಜಗತ್ತಿಗೆಲ್ಲ ತಿಳಿದಿರುತ್ತದೆ. ಎರಡನೆಯದು, ಈ ಗಣಕವನ್ನು ಅಂತರ್ಜಾಲಕ್ಕೆ ತೆರೆದಿಡದೆ ಚಿಕಿತ್ಸಾಲಯದ ಒಳಜಾಲಕ್ಕೆ ಸೀಮಿತಗೊಳಿಸುವುದು. ಮೂರನೆಯದು, ಲಿನಕ್ಸ್ ಹಾಕುವಾಗಲೇ ತಟ್ಟೆಯನ್ನು ಗೂಢಲಿಪಿಯಲ್ಲಿಡುವ ಆಯ್ಕೆಯನ್ನು ಒತ್ತುವುದು. ಗಣಕ ಕಳುವಾದರೂ ದಾಖಲೆ ಓದಲು ಸಿಗದು. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಜನರ ವಿವರವನ್ನು ಸಂಗ್ರಹಿಸುವವರ ಮೇಲೆ ಹೊಣೆಯನ್ನು ಹೊರಿಸಿದೆ. ಕಾಯ್ದೆಯಿಲ್ಲದಿದ್ದರೂ ನಂಬಿ ಬಂದವರ ಮಾತನ್ನು ಕಾಯುವುದು ನಮ್ಮ ಧರ್ಮವೇ. ಏತಕ್ಕಾಗಿ ಬರೆದುಕೊಳ್ಳುತ್ತಿದ್ದೇವೆ ಎಂಬುದನ್ನು ಕನ್ನಡದಲ್ಲಿ ತಿಳಿಸಿ, ಒಪ್ಪಿಗೆ ಪಡೆದೇ ಬರೆಯಬೇಕು.

ಮೂರನೆಯ ಎಚ್ಚರಿಕೆ: ಪ್ರತಿ ಇಲ್ಲದ ದಾಖಲೆ ದಾಖಲೆಯಲ್ಲ

ಮಳೆಗಾಲದ ಸಂಜೆ ಮಾಗಡಿ ರಸ್ತೆಯ ಸುತ್ತ ವಿದ್ಯುತ್ ಹೋಗುವುದು ನಮಗೆ ಹೊಸದಲ್ಲ. ಮರಿಯಾಡಿಬಿ, ಪೋಸ್ಟ್‌ಗ್ರೆಸ್‌ಗಳಂತಹ ದತ್ತಸಂಚಯಗಳು ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಉಗ್ರಾಣದಲ್ಲಿ ಇಡುತ್ತವೆ. ವಿದ್ಯುತ್ ಮರಳಿದಾಗ ಆ ದಿನಚರಿಯನ್ನು ನೋಡಿ, ಪೂರ್ಣವಾದದ್ದನ್ನು ಉಳಿಸಿ, ಅರ್ಧಕ್ಕೆ ನಿಂತದ್ದನ್ನು ಕೈಬಿಡುತ್ತವೆ. ಆದರೂ ತಟ್ಟೆಯೇ ಕೆಟ್ಟರೆ, ನೀರು ನುಗ್ಗಿದರೆ, ಕಳುವಾದರೆ ದಿನಚರಿಯೂ ಹೋಗುತ್ತದೆ. ಯುಪಿಎಸ್ ಬೇಕು, ಅದಕ್ಕಿಂತ ಹೆಚ್ಚಾಗಿ ಪ್ರತಿ ಬೇಕು.

ಪ್ರತಿದಿನ ರಾತ್ರಿ ದತ್ತಸಂಚಯದ ಪೂರ್ಣ ಪ್ರತಿಯೊಂದು ತಾನಾಗಿಯೇ ಸಿದ್ಧವಾಗುವಂತೆ ಲಿನಕ್ಸ್‌ಗೆ ಒಮ್ಮೆ ಹೇಳಿಟ್ಟರೆ ಸಾಕು, ಅದು ಮರೆಯುವುದಿಲ್ಲ. ಆ ಪ್ರತಿಯನ್ನು ಗೂಢಲಿಪಿಯಲ್ಲಿಟ್ಟು ಬೇರೊಂದು ತಟ್ಟೆಗೆ ಹಾಕಬೇಕು. ವಾರಕ್ಕೊಂದು ಪ್ರತಿ ಬೇರೊಂದು ಕಟ್ಟಡಕ್ಕೆ ಹೋಗಬೇಕು; ಚಿಕಿತ್ಸಾಲಯ ರಾಜಾಜಿನಗರದಲ್ಲಿದ್ದರೆ ಪ್ರತಿ ಕೆಂಗೇರಿಯಲ್ಲಿರಲಿ. ಬರಹದ ರೂಪದ ದಾಖಲೆಗೆ ಹೆಚ್ಚು ಜಾಗ ಬೇಡ. ಸಣ್ಣ ಚಿಕಿತ್ಸಾಲಯದ ವರ್ಷಗಳ ವಿವರ ಒಂದು ಸಾಮಾನ್ಯ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಎಕ್ಸ್‌ರೇ ಚಿತ್ರ, ಸ್ಕ್ಯಾನ್ ಮಾಡಿದ ವರದಿಗಳು ಮಾತ್ರ ಹೆಚ್ಚು ಜಾಗ ಬೇಡುತ್ತವೆ. ಅವು ಹಲವು ಸಲ ದತ್ತಸಂಚಯದ ಹೊರಗೆ ಪ್ರತ್ಯೇಕ ಕಡತಕೋಶದಲ್ಲಿರುತ್ತವೆ, ಓಪನ್‌ಇಎಂಆರ್‌ನಲ್ಲಿ ಹಾಗೆಯೇ. ದತ್ತಸಂಚಯದ ಪ್ರತಿ ಮಾತ್ರ ತೆಗೆದು, ಆ ಕೋಶವನ್ನು ಮರೆತವರು ವರದಿಗಳ ಹೆಸರನ್ನು ಉಳಿಸಿಕೊಂಡು ವರದಿಗಳನ್ನೇ ಕಳೆದುಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ತೆಗೆಯಬೇಕು.

ಪ್ರತಿ ತೆಗೆದರೆ ಸಾಲದು. ಮರಳಿ ಜೋಡಿಸಿ ನೋಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಬೇರೊಂದು ಹಳೆಯ ಗಣಕದಲ್ಲಿ ಆ ಪ್ರತಿಯನ್ನು ಹಾಕಿ, ಯಾವುದಾದರೂ ಐದು ರೋಗಿಗಳ ಪುಟ ತೆರೆದು ಕಾಗದದೊಡನೆ ತಾಳೆ ನೋಡಬೇಕು. ಹೀಗೆ ಪರೀಕ್ಷಿಸದ ಪ್ರತಿ ಬೀಜವೆಂದು ಇಟ್ಟ ಜೊಳ್ಳಿನಂತೆ. ಬಿತ್ತಿದ ಮೇಲೆಯೇ ತಿಳಿಯುವುದು.

ಆರಂಭಿಸುವ ಮುನ್ನ

ಎಲ್ಲ ಕಡೆಯೂ ಗಣಕ ಬೇಕೆಂದಿಲ್ಲ. ತಿಂಗಳಿಗೆ ಮೂವತ್ತು ನಲವತ್ತು ಜನ ಬರುವ, ಒಬ್ಬರೇ ವೈದ್ಯರಿರುವ ಕಡೆ ರೋಗಿಗೊಂದು ಗಟ್ಟಿ ಪುಸ್ತಕ, ಬೀಗ ಹಾಕುವ ಒಂದು ಕಪಾಟು ಸಾಕು. ಜನ ಹೆಚ್ಚಾದಂತೆ, ವೈದ್ಯರು ಬದಲಾಗುತ್ತಿದ್ದಂತೆ ಗಣಕದ ಉಪಯೋಗ ಹೆಚ್ಚುತ್ತದೆ. ಆಗಲೂ ಮೊದಲು ಕಲ್ಪಿತ ಹೆಸರುಗಳನ್ನು ಹಾಕಿ ಅಭ್ಯಾಸ ಮಾಡಬೇಕು. ಅನಂತರ ಎರಡು ಮೂರು ಶಿಬಿರಗಳಲ್ಲಿ ಕಾಗದವೂ ಗಣಕವೂ ಜೊತೆಯಾಗಿ ನಡೆಯಲಿ. ಎರಡೂ ಹೊಂದಿದಾಗ ಮಾತ್ರ ಕಾಗದವನ್ನು ಕಡಿಮೆ ಮಾಡಬಹುದು. ವಿದ್ಯುತ್ತಾಗಲಿ ಗಣಕವಾಗಲಿ ಕೈಕೊಟ್ಟ ದಿನ ಸೇವೆ ನಿಲ್ಲದಂತೆ ಖಾಲಿ ನಮೂನೆಗಳ ಒಂದು ಕಟ್ಟು ಯಾವಾಗಲೂ ಮೇಜಿನಲ್ಲಿರಲಿ.

ಕೊನೆಯದಾಗಿ, ಅಳವಡಿಸಿದವರು ತಾವು ಮಾಡಿದ ಪ್ರತಿಯೊಂದು ಹೆಜ್ಜೆಯನ್ನೂ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಬೇಕು: ಯಾವ ಲಿನಕ್ಸ್, ಯಾವ ಆವೃತ್ತಿ, ದತ್ತಸಂಚಯದ ಹೆಸರು, ಪ್ರತಿ ಎಲ್ಲಿದೆ, ಮರಳಿ ಜೋಡಿಸುವುದು ಹೇಗೆ. ಗುಪ್ತಪದಗಳನ್ನು ಬೇರೆ ಲಕೋಟೆಯಲ್ಲಿ ಮುದ್ರೆ ಹಾಕಿ ಕಚೇರಿಯ ತಿಜೋರಿಯಲ್ಲಿಡಬೇಕು. ಈ ಕೆಲಸ ಬಲ್ಲವರು ಇಬ್ಬರಾದರೂ ಇರಬೇಕು. ಏಕೆಂದರೆ ಇಂದು ಉತ್ಸಾಹದಿಂದ ಬಂದ ತರುಣ ನಾಳೆ ಕೆಲಸದ ಮೇಲೆ ಪುಣೆಗೋ ಪರದೇಶಕ್ಕೋ ಹೋಗುತ್ತಾನೆ. ಅದು ಅವನ ತಪ್ಪಲ್ಲ. ಅವನೊಡನೆ ರೋಗಿಗಳ ಇತಿಹಾಸವೂ ಹೊರಟುಹೋದರೆ ತಪ್ಪು ನಮ್ಮದು.

ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಸೇರಿ, ಲೆಕ್ಕದಲ್ಲಿನ ಶುದ್ಧತೆಯಿಂದಲೇ ಭಂಡಾರಿಯ ಪದವಿಗೆ ಏರಿದರೆಂದು ಶರಣ ಪರಂಪರೆ ಹೇಳುತ್ತದೆ. ಲೆಕ್ಕವನ್ನು ಸರಿಯಾಗಿ ಬರೆಯುವುದೂ ಭಂಡಾರವನ್ನು ಕಾಯುವುದೂ ಕಾಯಕವೇ. ತಂತ್ರಾಂಶ ಹಾಕುವುದು ಒಂದು ಭಾನುವಾರದ ಕೆಲಸ. ಅದನ್ನು ಹತ್ತು ವರ್ಷ ಕಾಯುವುದೇ ನಿಜವಾದ ಸೇವೆ. ಗಣಕ ವಿದ್ಯೆ ಬಲ್ಲ ಸದ್ಭಕ್ತರು ತಿಂಗಳಿಗೆ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಟ್ಟರೆ, ಮುಂದಿನ ಬಾರಿ ಆ ಹಿರಿಯರು ಬಂದಾಗ ವೈದ್ಯರು ಚೀಲವನ್ನು ತಡಕಬೇಕಾಗಿಲ್ಲ. ಅವರ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಆರು ತಿಂಗಳ ಅಂಕಿಗಳು, ಒಗ್ಗದ ಔಷಧ, ಆ ಚಿಕ್ಕ ಬಿಳಿಯ ಮಾತ್ರೆಯ ಹೆಸರು ಕಣ್ಣ ಮುಂದೆ ಇರುತ್ತವೆ.